ಡೈವೋರ್ಸ್ ಕೇಸ್ ನಡೀತಿದ್ಯಾ? ಮೊದ್ಲು ಸ್ಟೇಟಸ್ ಹಾಕೋದ್ ನಿಲ್ಸಿ

ನಮ್ ಚಿಕ್ಕಮ್ಮನ ಮಗನ ಕೇಸಿಗೆ ಅಂತ ತುಮಕೂರು ಫ್ಯಾಮಿಲಿ ಕೋರ್ಟಿಗೆ ಎರಡು ವರ್ಷ ಓಡಾಡಿದೀನಿ. ವಾಯ್ದೆ ದಿನ ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋದು, ಹೆಸರು ಕೂಗೋವರ್ಗೂ ಹೊರಗೆ ಕಾಯೋದು, ಇನ್ನೊಂದು ಡೇಟ್ ಇಸ್ಕೊಂಡು ವಾಪಸ್ ಬರೋದು. ಕಾನೂನು ಓದ್ದೋನಲ್ಲ ನಾನು, ಆದ್ರೆ ಅಲ್ಲಿ ಕೂತು ಕೂತು ಒಂದು ವಿಷ್ಯ ಗೊತ್ತಾಯ್ತು, ಈಗಿನ ಕೇಸುಗಳಲ್ಲಿ ಅರ್ಧ ಸಾಕ್ಷಿ ಹೇಳೋದು ಮನುಷ್ಯರಲ್ಲ, ಅವ್ರವ್ರ ಫೋನೇ.

ನಮ್ ಹುಡುಗನ್ದೇ ನೋಡಿ. ಹೆಂಡ್ತಿ ಜೀವನಾಂಶ ಕೇಳಿದ್ಲು, ಇವ್ನು ಅಫಿಡವಿಟ್ ಹಾಕ್ದ, ತಿಂಗಳಿಗೆ ಹದಿನೈದು ಸಾವಿರ ಬರುತ್ತೆ ಅಷ್ಟೇ, ಮೈತುಂಬಾ ಸಾಲ ಅಂತ. ಅದೇ ತಿಂಗಳು ಹೊಸ ಬುಲೆಟ್ ತಗೊಂಡ್ಬಿಟ್ಟು, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸ್ದ. ಹೆಂಡ್ತೀನ ಬ್ಲಾಕ್ ಮಾಡಿದೀನಲ್ಲ ಅಣ್ಣ ಅಂತ ಧೈರ್ಯ ಅವ್ನಿಗೆ. ಭಾಮೈದನ ಫ್ರೆಂಡು ಕಾಂಟ್ಯಾಕ್ಟಲ್ಲಿರೋದು ಮರ್ತೇಹೋಗಿತ್ತು. ಪಾಟೀಸವಾಲಲ್ಲಿ ಆ ಕಡೆ ಲಾಯರ್ ಮೇಡಂ ಕಲರ್ ಪ್ರಿಂಟ್ ಹಿಡ್ಕೊಂಡು ಮೆತ್ತಗೆ ಕೇಳಿದ್ದು ಒಂದೇ ಪ್ರಶ್ನೆ, "ಈ ನಿಂಬೆಹಣ್ಣು ಯಾರ ಗಾಡಿ ಕೆಳಗಿದೆ?" ಇವ್ನು ಫ್ರೆಂಡ್‌ದು ಅಂದ, ಆರ್‌ಸಿ ಇವ್ನ ಹೆಸರಲ್ಲೇ ಇತ್ತು. ಅಲ್ಲಿಗೆ ಅಫಿಡವಿಟ್ಟಲ್ಲಿ ಬರೆದಿದ್ದ ನಿಜಾನೂ ಸುಳ್ಳಾಗೋಯ್ತು.

ಜೀವನಾಂಶದ ಕೇಸಲ್ಲಿ ಗಂಡ ಹೆಂಡ್ತಿ ಇಬ್ರೂ ಆಸ್ತಿ, ಆದಾಯ, ಸಾಲ ಎಲ್ಲಾ ಅಫಿಡವಿಟ್ಟಲ್ಲಿ ಕೊಡ್ಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ರಜನೇಶ್ ವರ್ಸಸ್ ನೇಹಾ ಕೇಸಲ್ಲಿ ಹೇಳಿದೆ. ಅದಕ್ಕೇ ಮೊದಲನೇ ಕೆಲಸ, ಪೋಸ್ಟ್ ಹಾಕೋದು ನಿಲ್ಸಿ. ಟ್ರಿಪ್ಪು, ಹೊಸ ಒಡವೆ, ಪಾರ್ಟಿ ಗ್ಲಾಸು, "ಕೆಲವರು ವಿಷ" ಅನ್ನೋ ಥರ ಕೊಟೇಶನ್ನು, ಯಾವ್ದೂ ಬೇಡ. ಮಕ್ಕಳ ಕಸ್ಟಡಿ ಕೇಳ್ತಿದ್ರಂತೂ ಇನ್ನೂ ಹುಷಾರಾಗಿರಿ.

ಎರಡನೇದು, ಹಳೇದನ್ನ ಡಿಲೀಟ್ ಮಾಡಕ್ಕೆ ಹೋಗ್ಬೇಡಿ. ಎಲ್ರೂ ಮಾಡೋದು ಇದೇ ತಪ್ಪು, ಗಾಬರಿ ಬಿದ್ದು ರಾತ್ರೋರಾತ್ರಿ ಫೇಸ್‌ಬುಕ್ ಕ್ಲೀನ್ ಮಾಡ್ತಾರೆ, ಅಷ್ಟರಲ್ಲಿ ಆ ಕಡೆಯೋರ ಹತ್ರ ಸ್ಕ್ರೀನ್‌ಶಾಟ್ ಇರುತ್ತೆ, ಆಮೇಲೆ ಪೋಸ್ಟಿಗಿಂತ ಅಳಿಸಿದ್ದೇ ದೊಡ್ಡ ವಿಷ್ಯ ಆಗುತ್ತೆ. ಕೋರ್ಟಿಗೆ ಹಾಜರ್ ಮಾಡ್ಬೇಕಾದ ಎಲೆಕ್ಟ್ರಾನಿಕ್ ದಾಖಲೆನ ಸಿಗದಂಗೆ ನಾಶ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 241ನೇ ಸೆಕ್ಷನ್ ಪ್ರಕಾರ ಅಪರಾಧ ಬೇರೆ. ಅಳಿಸ್ಬೇಕು ಅನ್ಸಿದ್ರೆ ಲಾಯರ್ ಕೇಳಿ ಮುಟ್ಟಿ.

ಈಗ ನಿಮ್ ಹತ್ರಾನೇ ಸಾಕ್ಷಿ ಇದೆ ಅನ್ಕೊಳ್ಳಿ, ಬೈದಿರೋ ಮೆಸೇಜು, ಬೆದರಿಕೆ ವಾಯ್ಸ್ ನೋಟು. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲಲ್ಲ. ಮೇಲ್ಗಡೆ "ಹಸ್ಬೆಂಡ್" ಅಂತ ಹೆಸರಿದ್ರೆ ಏನೂ ಪ್ರೂವ್ ಆಗಲ್ಲ, ಯಾರ ನಂಬರನ್ನ ಯಾವ ಹೆಸರಲ್ಲಿ ಬೇಕಾದ್ರೂ ಸೇವ್ ಮಾಡ್ಬಹುದಲ್ವಾ? ನಂಬರ್ ಕಾಣೋ ಪೇಜು, ಡೇಟು, ಟೈಮು ಎಲ್ಲಾ ಬರ್ಬೇಕು, ಮಧ್ಯದ ನಾಲ್ಕು ಸಾಲು ಕತ್ತರಿಸಿ ತರಬಾರ್ದು, ಹಿಂದೆಮುಂದೆ ಮಾತೂ ಇರ್ಲಿ, ನೀವು ಬೈದಿರೋದೂ ಸೇರಿ. ಚಾಟ್ ಎಕ್ಸ್‌ಪೋರ್ಟ್ ಮಾಡಿ ಒಂದು ಕಾಪಿ ಪೆನ್‌ಡ್ರೈವಲ್ಲಿ ಇಡಿ. ಮುಖ್ಯವಾಗಿ ಮೆಸೇಜ್ ಬಂದಿರೋ ಫೋನನ್ನ ಎಕ್ಸ್‌ಚೇಂಜ್ ಆಫರಿಗೆ ಕೊಟ್ಬಿಡಬೇಡಿ, ರಿಸೆಟ್ ಹೊಡೀಬೇಡಿ.

ಅದರ ಜೊತೆ, ಈ ಕಾಪಿ ಯಾವ ಫೋನಿಂದ ಹೆಂಗೆ ತೆಗೆದಿದ್ದು ಅಂತ ಹೇಳೋ ಸರ್ಟಿಫಿಕೇಟ್ ಬೇಕು. ಮೊದ್ಲು ಲಾಯರುಗಳು ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ ಹಿಡ್ದು ಅರವತ್ತೈದು ಬಿ ಅಂತಿದ್ರಲ್ಲ, 2024 ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಎರಡು ಭಾಗ ಇರುತ್ತೆ, ಒಂದನ್ನ ಪಾರ್ಟಿ ತುಂಬೋದು, ಇನ್ನೊಂದನ್ನ ಎಕ್ಸ್‌ಪರ್ಟ್. ಅದ್ರಲ್ಲಿ ಹ್ಯಾಶ್ ವ್ಯಾಲ್ಯೂ ಅಂತ ಒಂದು ಕಾಲಮ್ಮಿದೆ, ಅದು ಆ ಫೈಲಿನ ಹೆಬ್ಬೆಟ್ಟು ಇದ್ದಂಗೆ, ಫೈಲಲ್ಲಿ ಒಂದು ಅಕ್ಷರ ಬದ್ಲಾದ್ರೂ ಅದೂ ಬದ್ಲಾಗುತ್ತೆ. ಫ್ಯಾಮಿಲಿ ಕೋರ್ಟಿಗೆ 1984ರ ಕಾಯ್ದೆಯ 14ನೇ ಸೆಕ್ಷನ್ನಲ್ಲಿ ಸ್ವಲ್ಪ ಸಡಿಲ ಇದೆ, ಜಗಳ ಬಗೆಹರಿಸೋಕೆ ಉಪಯೋಗ ಆಗುತ್ತೆ ಅನ್ಸಿದ್ರೆ ಸಾಕ್ಷ್ಯ ಕಾಯ್ದೆಗೆ ಕೂಡದ ದಾಖಲೆನೂ ತಗೋಬಹುದು, ಆದ್ರೂ ಅದನ್ನೇ ನಂಬ್ಕೊಂಡು ಬರಿಗೈಲಿ ಹೋಗೋದು ಬೇಡ.

ಕದ್ದು ಕಾಲ್ ರೆಕಾರ್ಡ್ ಮಾಡಿದ್ರೆ? 2025 ಜುಲೈ 14ಕ್ಕೆ ವಿಭೋರ್ ಗರ್ಗ್ ವರ್ಸಸ್ ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟು, ಗಂಡ ಹೆಂಡ್ತಿ ನಡುವಿನ ಕೇಸಲ್ಲಿ ಅಂಥ ರೆಕಾರ್ಡಿಂಗನ್ನ ಸಾಕ್ಷಿಯಾಗಿ ತಗೋಬಹುದು ಅಂದಿದೆ. ಹಂಗಂತ ಮಲ್ಗಿರೋಳ ಹೆಬ್ಬೆರಳು ಒತ್ತಿಸಿ ಫೋನ್ ತೆಗೆಯೋದು, ಪಾಸ್‌ವರ್ಡ್ ಕದ್ದು ಇನ್‌ಸ್ಟಾ ನುಗ್ಗೋದು, ಸ್ಪೈ ಆ್ಯಪ್ ಹಾಕೋದು ಮಾಡಿದ್ರೆ ಐಟಿ ಕಾಯ್ದೆಲಿ ನಿಮ್ ಮೇಲೇ ಕೇಸ್ ಬೀಳುತ್ತೆ. ಖಾಸಗಿ ಫೋಟೋ ಹರಿಬಿಟ್ರಂತೂ ಕಥೆ ಮುಗೀತು. ನಿಮ್ ಫೋಟೋ ಯಾರಾದ್ರೂ ಹಾಕಿದ್ರೆ ಲಿಂಕ್ ಸಮೇತ ಇಟ್ಕೊಂಡು ಸೈಬರ್ ಕ್ರೈಮ್ ಪೋರ್ಟಲಲ್ಲಿ ದೂರು ಕೊಡಿ.

ಹೆಣ್ಮಕ್ಕಳ ರೀಲ್ಸ್ ಬಗ್ಗೆ ಒಂದು ಮಾತು. ಸೀರೆ ಬಿಟ್ಟು ಬೇರೆ ಡ್ರೆಸ್ ಹಾಕ್ಕೊಂಡು ಕುಣಿದ್ಲು ಅಂತ ಪ್ರಿಂಟ್ ತಂದು ಜಡ್ಜ್ ಮುಂದೆ ಇಡೋರಿದಾರೆ, ನನಗಂತೂ ಅದು ನಾಚ್ಕೆಗೇಡು ಅನ್ಸುತ್ತೆ, ಕುಣಿದಿದ್ದು ಕ್ರೌರ್ಯ ಹೆಂಗಾಗುತ್ತೆ? ಆದ್ರೆ ಗಂಡನ್ ಮೇಲಾಗ್ಲಿ ಹೆಂಡ್ತಿ ಮೇಲಾಗ್ಲಿ ಇಲ್ಲದ್ದು ಕಟ್ಟಿ ಪಬ್ಲಿಕ್ಕಾಗಿ ಮಾನ ಹರಾಜ್ ಹಾಕಿದ್ರೆ ಅದು ಬೇರೆ. ಸುಳ್ಳು ಆರೋಪ, ಮಾನಹಾನಿ ಮಾಡೋದು ಮಾನಸಿಕ ಕ್ರೌರ್ಯ ಆಗ್ಬಹುದು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಮನೆಯೋರ ಬಾಯಿಗೂ ಬೀಗ ಹಾಕಿ. ನಮ್ ಕೇಸಲ್ಲಿ ಚಿಕ್ಕಪ್ಪ ಒಬ್ರು ಕೋರ್ಟ್ ಪೇಪರ್ ಫೋಟೋ ತೆಗ್ದು ಕುಟುಂಬದ ಗ್ರೂಪಿಗೆ ಹಾಕಿದ್ರು, ಅದು ಬೆಳಗಾಗೋಷ್ಟ್ರಲ್ಲಿ ತಿಪಟೂರಿನ ಬೀಗರ ಮನೆ ತಲುಪಿತ್ತು. ಹಿಂದೂ ವಿವಾಹ ಕಾಯ್ದೆ 22ನೇ ಸೆಕ್ಷನ್ ಪ್ರಕಾರ ಈ ಕೇಸುಗಳು ಗುಟ್ಟಾಗೇ ನಡೀಬೇಕು, ಕಲಾಪದ ವಿಷ್ಯ ಪ್ರಕಟ ಮಾಡಂಗಿಲ್ಲ. ದಂಡ ಸಾವಿರ ರೂಪಾಯಿ ಮೀರಲ್ಲ, ಅದಕ್ಕೇ ಯಾರಿಗೂ ಭಯ ಇಲ್ಲ.

ಲಾಯರಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಹೆಂಗಸ್ರಿಗೆ ಆದಾಯ ಎಷ್ಟೇ ಇದ್ರೂ ಲಾಯರ್ ಫ್ರೀ. ಫೋನ್ ನಂಬರ್ 15100.

ಕೊನೆಗೆ ಒಪ್ಪಂದದ ಡೈವೋರ್ಸಿಗೆ ಬಂದ್ರೆ, ದುಡ್ಡು ಒಡವೆ ಜೊತೆ ಫೋಟೋ ವಿಷ್ಯಾನೂ ಬರೆಸಿ, ಯಾರು ಏನು ತೆಗೀಬೇಕು, ಎಷ್ಟು ದಿನದಲ್ಲಿ, ಮುಂದೆ ಒಬ್ರ ಬಗ್ಗೆ ಒಬ್ರು ಬರಿಯಂಗಿಲ್ಲ ಅಂತ.

ಅಯ್ಯೋ, ಮೊದ್ಲೇ ಹೇಳ್ಬೇಕಿತ್ತು, ಪಾಸ್‌ವರ್ಡ್ ಇವತ್ತೇ ಚೇಂಜ್ ಮಾಡಿ, ಲೊಕೇಶನ್ ಶೇರಿಂಗ್ ಆಫ್ ಮಾಡಿ, ಲಾಗಿನ್ ಆಗಿರೋ ಹಳೇ ಟ್ಯಾಬು, ಟಿವಿ ಎಲ್ಲಾ ಲಾಗೌಟ್ ಮಾಡಿ. ನಮ್ಮೋನಿಗೆ ಇದನ್ನ ಹೇಳಿ ಮೇಲ್ ಓಪನ್ ಮಾಡು ಅಂದ್ರೆ ಕೋರ್ಟ್ ಮೆಟ್ಟಿಲ ಮೇಲೆ ಕೂತು ಫೋನ್ ಮರೆ ಮಾಡ್ಕೊಂಡ. ಬಗ್ಗಿ ನೋಡಿದೆ, ಪಾಸ್‌ವರ್ಡ್ ಇನ್ನೂ ಮದುವೆ ಡೇಟೇ ಇತ್ತು.