ಮುಳ್ಳು ಇಳಿದ ಆರು ಸೆಕೆಂಡ್

ನನ್ನ ಬೈಕು ಲೀಟರಿಗೆ 60 ಕಿಲೋಮೀಟರ್ ಕೊಡುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಒಂದೇ ಸಮನೆ 50ರಲ್ಲಿ ಓಡಿಸಿ, ಮತ್ತೆ ಫುಲ್ ಮಾಡಿಸಿ ನೋಡಿದ ಲೆಕ್ಕ ಅದು. ಆದರೆ ಮೈಲೇಜ್ ಬೇರೆ, ದಕ್ಷತೆ ಬೇರೆ. ಪೆಟ್ರೋಲಿನ ಶಕ್ತಿಯಲ್ಲಿ ಎಷ್ಟು ಪಾಲು ಬೈಕನ್ನು ಮುಂದೆ ತಳ್ಳುತ್ತದೆ? ಅದನ್ನು ನಾನೇ ಅಳೆಯಬೇಕು ಅನ್ನಿಸಿತು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಾಖ. ಅಂದರೆ ನನಗೆ ಕಿಲೋಮೀಟರಿಗೆ 533 ಕಿಲೋಜೂಲ್ ಖರ್ಚು. ಇನ್ನು ಬೇಕಿದ್ದದ್ದು ಗಾಳಿ ಮತ್ತು ಟೈರು ಬೈಕನ್ನು ತಡೆಯುವ ಬಲ. ಖಾಲಿಯಿದ್ದ ಸಮತಟ್ಟು ರಸ್ತೆಯಲ್ಲಿ 55 ದಾಟಿಸಿ ನ್ಯೂಟ್ರಲ್‌ಗೆ ಹಾಕಿದೆ. ಹ್ಯಾಂಡಲ್‌ಗೆ ಕಟ್ಟಿದ್ದ ಫೋನು ಮೀಟರಿನ ವಿಡಿಯೊ ತೆಗೆಯುತ್ತಿತ್ತು. ಮುಳ್ಳು 55ರಿಂದ 45ಕ್ಕೆ ಇಳಿಯಲು ಸರಾಸರಿ 6 ಸೆಕೆಂಡ್. ಗಾಳಿ, ಇಳಿಜಾರು ಮೋಸ ಮಾಡದಿರಲಿ ಅಂತ ಎರಡೂ ದಿಕ್ಕಿನಲ್ಲಿ ಓಡಿಸಿದ್ದೆ. ನಾನೂ ಬೈಕೂ ಸೇರಿ 190 ಕಿಲೋ.

ತೂಕವನ್ನು ವೇಗದ ಇಳಿಕೆಯಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದೆ. 317 ನ್ಯೂಟನ್. ಅಂದರೆ ಕಿಲೋಮೀಟರಿಗೆ 317 ಕಿಲೋಜೂಲ್ ಕೆಲಸ. ಅದನ್ನು ಖರ್ಚಾದ 533ರಿಂದ ಭಾಗಿಸಿದರೆ ದಕ್ಷತೆ 59%!

ತುಂಬಾ ಖುಷಿಯಾಯಿತು. ಆದರೆ ಶಾಖದಿಂದ ಓಡುವ ಯಾವ ಯಂತ್ರಕ್ಕೂ ಒಂದು ಮಿತಿ ಇದೆ ಅಂತ 1824ರಲ್ಲೇ ಫ್ರೆಂಚ್ ಎಂಜಿನಿಯರ್ ಸಾದಿ ಕಾರ್ನೊ ತೋರಿಸಿದ್ದ ಅಲ್ವಾ? ನನ್ನ ಎಂಜಿನ್ನಿನ ಕಂಪ್ರೆಷನ್ ರೇಶಿಯೊ 9, ಅಂದರೆ ಪಿಸ್ಟನ್ ಸಿಲಿಂಡರಿನೊಳಗಿನ ಗಾಳಿಯನ್ನು ಒಂಬತ್ತನೇ ಒಂದು ಭಾಗದಷ್ಟು ಜಾಗಕ್ಕೆ ಒತ್ತುತ್ತದೆ. ಘರ್ಷಣೆಯೇ ಇಲ್ಲ, ಶಾಖ ಸೋರುವುದೇ ಇಲ್ಲ ಅಂದುಕೊಂಡು ಲೆಕ್ಕ ಹಾಕಿದರೂ ಅದಕ್ಕೆ 58%ರ ಆಸುಪಾಸೇ ಸಿಗುವುದು. ನನ್ನದು ಅದನ್ನೂ ಮೀರಿತ್ತು. ಎಲ್ಲೋ ತಪ್ಪಾಗಿದೆ ಅಂತ ಹುಡುಕಿದೆ. ಗಂಟೆಗೆ 10 ಕಿಲೋಮೀಟರನ್ನು ಸೆಕೆಂಡಿಗೆ 2.78 ಮೀಟರ್ ಅಂತ ಬದಲಿಸದೆ, ಹಾಗೇ 10 ಅಂತ ಹಾಕಿಬಿಟ್ಟಿದ್ದೆ.

ಸರಿಪಡಿಸಿದ ಮೇಲೆ ಬಲ 88 ನ್ಯೂಟನ್. ಕಿಲೋಮೀಟರಿಗೆ 88 ಕಿಲೋಜೂಲ್. ದಕ್ಷತೆ ಬರೀ 16%ರ ಹತ್ತಿರ.

ಇಷ್ಟು ಕಡಿಮೆ ಯಾಕೆ? ಪೆಟ್ರೋಲ್ ಎಂಜಿನ್ ಚೆನ್ನಾಗಿ ದುಡಿಯುವಾಗ 30%ರ ಆಸುಪಾಸು ಕೊಡುತ್ತದೆ. ಆದರೆ 50ರಲ್ಲಿ ಹೋಗಲು ನನಗೆ ಬೇಕಾದದ್ದು 1.2 ಕಿಲೋವಾಟ್ ಮಾತ್ರ. ಥ್ರಾಟಲ್ ಚೂರೇ ತೆರೆದಿರುತ್ತದೆ. ಆ ಸಂದಿಯಿಂದ ಗಾಳಿ ಎಳೆದುಕೊಳ್ಳಲು ಪಿಸ್ಟನ್ ಒದ್ದಾಡಬೇಕು. ಕೆಲಸ ಕಡಿಮೆಯಾಯಿತು ಅಂತ ರಿಂಗು, ಬೇರಿಂಗುಗಳ ಘರ್ಷಣೆ ಅಷ್ಟೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಚೈನು, ಗೇರುಗಳೂ ತಮ್ಮ ಪಾಲು ತಿನ್ನುತ್ತವೆ. ಉಳಿದದ್ದು ಸೈಲೆನ್ಸರ್ ಮತ್ತು ಫಿನ್ನುಗಳಿಂದ ಶಾಖವಾಗಿ ಹೋಗುತ್ತದೆ. ಬೈಕು ನಿಲ್ಲಿಸಿದ ಮೇಲೆ ಟಿಕ್ ಟಿಕ್ ಅನ್ನುತ್ತಲ್ಲ, ಆ ಬಿಸಿ ಲೋಹ ಆರುವ ಸದ್ದೇ ಅದು.

ಆಮೇಲೆ ಟೈರಿನ ಗಾಳಿ ನೋಡಿದೆ. ತುಂಬಾ ಕಡಿಮೆ ಇತ್ತು. ಸರಿಯಾಗಿ ತುಂಬಿಸಿ ಮತ್ತೆ ಓಡಿಸಿದೆ. 6 ಸೆಕೆಂಡ್ ಇದ್ದದ್ದು 6.5 ಆಯಿತು, ಬಲ 81 ನ್ಯೂಟನ್‌ಗೆ ಇಳಿಯಿತು. ಎಂಜಿನ್ ಅದೇ, ಅದಕ್ಕೆ ಬೀಳುವ ಕೆಲಸ ಮಾತ್ರ ಕಡಿಮೆಯಾಯಿತು.