ಕಾರವಾರದ ಶೆಡ್ಡಿಗೆ ಉಕ್ಕಿನ ಕಂಬ: ಬಾಗುವಿಕೆಯ ಲೆಕ್ಕ

ಕಂಬ ಸಾಮಾನ್ಯವಾಗಿ ಜಜ್ಜಿ ಸೋಲುವುದಿಲ್ಲ, ಪಕ್ಕಕ್ಕೆ ಬಾಗಿ ಸೋಲುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ದುರ್ಬಲ ಅಕ್ಷ, ಅಂದರೆ ಯಾವುದರ ಸುತ್ತ ಕಂಬ ಅತಿ ಸುಲಭವಾಗಿ ಬಾಗುತ್ತದೋ ಅದು. 3 ಮೀಟರ್ ಎತ್ತರದ ಐಎಸ್‌ಎಂಬಿ 200 (200 ಮಿ.ಮೀ. ಆಳದ, ಇಂಗ್ಲಿಷ್ 'I' ಆಕಾರದ ಉಕ್ಕಿನ ಸೆಕ್ಷನ್) ತೆಗೆದುಕೊಳ್ಳಿ. ಆ ಅಕ್ಷದ ರೇಡಿಯಸ್ ಆಫ್ ಗೈರೇಶನ್ (ಉಕ್ಕು ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬ ಅಳತೆ; ಹೆಚ್ಚಿದಷ್ಟೂ ಬಾಗುವುದು ಕಷ್ಟ) 21.5 ಮಿ.ಮೀ. ಎರಡೂ ತುದಿ ಪಕ್ಕಕ್ಕೆ ಸರಿಯದಂತಿದ್ದು ತಿರುಗಬಲ್ಲವಾದರೆ ಕೆ (ಲೆಕ್ಕಕ್ಕೆ ಹಿಡಿಯುವ ಉದ್ದದ ಗುಣಕ) = 1, ಅಂದರೆ ಉದ್ದಕ್ಕೂ ಗೈರೇಶನ್‌ಗೂ ಇರುವ ಅನುಪಾತ 3000 ÷ 21.5 = ಸುಮಾರು 140. ಉಕ್ಕಿನ ಕಟ್ಟಡಗಳ ಭಾರತೀಯ ಸಂಹಿತೆ ಐಎಸ್ 800:2007ರ ಮಿತಿ 180, ಪಾಸು.

250 ದರ್ಜೆಯ (250 ಮೆಗಾಪಾಸ್ಕಲ್ ಇಳುವರಿ ಬಲದ) ಉಕ್ಕಿಗೆ ಸಂಹಿತೆಯ 'ಬಿ' ಬಾಗುವಿಕೆ ವಕ್ರರೇಖೆಯಲ್ಲಿ ವಿನ್ಯಾಸ ಒತ್ತಡ ಸುಮಾರು 72 ಮೆಗಾಪಾಸ್ಕಲ್. ವಿಸ್ತೀರ್ಣ 3233 ಚದರ ಮಿ.ಮೀ.ಗೆ ಗುಣಿಸಿದರೆ ಕಂಬ ಹೊರಬಲ್ಲದ್ದು ಸುಮಾರು 233 ಕಿಲೋನ್ಯೂಟನ್. ಬಾಗುವಿಕೆಯೇ ಇಲ್ಲದಿದ್ದರೆ 735 ಸಿಗುತ್ತಿತ್ತು!

ದಪ್ಪ ಸೆಕ್ಷನ್ ಕೊಳ್ಳುವ ಮೊದಲು, ಫ್ಲೇಂಜ್ (ಸೆಕ್ಷನ್ನಿನ ಎರಡು ತುದಿಯ ಅಗಲ ಪಟ್ಟಿ) ಅಗಲದ ದಿಕ್ಕಿನಲ್ಲಿ ನಡುಮಟ್ಟಕ್ಕೊಂದು ಅಡ್ಡಪಟ್ಟಿ ಕೊಡಿ. ಅನುಪಾತ 70ಕ್ಕೆ ಇಳಿದು ಸಾಮರ್ಥ್ಯ 535 ದಾಟುತ್ತದೆ. ಆದರೆ ಆ ಅಡ್ಡಪಟ್ಟಿ ಬ್ರೇಸ್ ಮಾಡಿದ (ಓರೆ ಆಸರೆ ಕಟ್ಟಿ ವಾಲದಂತೆ ಮಾಡಿದ) ಅಂಕಣಕ್ಕೆ ಸೇರಲೇಬೇಕು. ಪಕ್ಕದ ಕಂಬಕ್ಕಷ್ಟೇ ಕಟ್ಟಿದರೆ ಎರಡೂ ಒಟ್ಟಿಗೆ ವಾಲುತ್ತವೆ.

ಕಂಬದ ಮೇಲ್ತುದಿಗೆ ಪಕ್ಕದ ಆಸರೆಯೇ ಇಲ್ಲದ ಶೆಡ್ಡುಗಳಲ್ಲಿ ತಪ್ಪಾಗುವುದು ಸುಲಭ. ಅಲ್ಲಿ ಬುಡ ಬಿಗಿಯಾಗಿದ್ದರೂ ಕೆ = 2, ಅನುಪಾತ 279. ಇದೇ ಕಂಬ ಅಲ್ಲಿ ನಡೆಯದು.

ಇನ್ನು ಉಪ್ಪುಗಾಳಿ. ತುಕ್ಕು ಫ್ಲೇಂಜ್ ಅಂಚನ್ನು ತಿಂದಷ್ಟೂ ದುರ್ಬಲ ಅಕ್ಷವೇ ಸೊರಗುತ್ತದೆ. ಬೇಸ್ ಪ್ಲೇಟನ್ನು ನೆಲದಿಂದ ಎತ್ತರಿಸಿದ ಕಾಂಕ್ರೀಟ್ ಪೀಠದ ಮೇಲೆ ಕೂರಿಸಿ, ಮಳೆನೀರು ನಿಲ್ಲದಂತೆ ಗ್ರೌಟನ್ನು (ಪ್ಲೇಟಿನಡಿ ತುಂಬುವ ಸಿಮೆಂಟ್ ಗಾರೆ) ಹೊರಕ್ಕೆ ಇಳಿಜಾರು ಮಾಡಿ.