ಉತಾರದ 2-15ರಿಂದ ಶುರು: ಏಕಮಾನ ಪರಿವರ್ತನೆ, ನನ್ನ ಅನುಭವ

ಕಿ.ಮೀ.ಯಿಂದ ಮಿ.ಮೀ.ವರೆಗೆ ಮೆಟ್ಟಿಲಿನ ಚಿತ್ರ ಹಾಕಿ ಏಕಮಾನ ಪರಿವರ್ತನೆ ಕಲಿಸುವುದನ್ನು ಬಿಟ್ಟು ಮೂರು ವರ್ಷವಾಯಿತು. ದಶಮಾಂಶ ಬಿಂದು ಎಡಕ್ಕೋ ಬಲಕ್ಕೋ ಎಂಬಲ್ಲೇ ಅರ್ಧ ತರಗತಿ ತಪ್ಪುತ್ತಿತ್ತು. ಈಗ ಪ್ರತಿ ಸಂಖ್ಯೆಯ ಪಕ್ಕ ಏಕಮಾನ ಬರೆಸುತ್ತೇನೆ, ಪರಿವರ್ತನೆಯನ್ನು ಭಿನ್ನರಾಶಿಯಾಗಿ (1000 ಮೀ./1 ಕಿ.ಮೀ. ಹೀಗೆ) ಇಡಿಸುತ್ತೇನೆ, ಮೇಲೆ ಕೆಳಗೆ ಒಂದೇ ಏಕಮಾನ ಬಂದರೆ ಎರಡಕ್ಕೂ ಗೆರೆ ಎಳೆದು ಹೊಡೆಸುತ್ತೇನೆ. "ಇಷ್ಟೆಲ್ಲಾ ಬರಸ್ಕೋತ ಕುಂತ್ರ ಪೋರ್ಷನ್ ಮುಗೀತೈತೇನ್ರಿ ಸರ?" ಎಂದ ಸಹೋದ್ಯೋಗಿಗಳೇ ಈಗ ನನ್ನ ಚಾರ್ಟ್ ಕೇಳಿ ಒಯ್ಯುತ್ತಾರೆ. 40 ಮಕ್ಕಳಲ್ಲಿ ಮೊದಲು 12-13 ಮಂದಿ ಸರಿ ಮಾಡುತ್ತಿದ್ದರು, ಈ ವರ್ಷ 33-34.

ವಿಜಯಪುರ ಕಡೆಯ ಮಕ್ಕಳಿಗೆ ಹೆಕ್ಟೇರ್ ದೂರ, ಎಕರೆ-ಗುಂಟೆ ಹತ್ತಿರ. ಉತಾರದಲ್ಲಿ (ಹೊಲದ ಪಹಣಿಯಲ್ಲಿ) ಹೊಲ 2-15, ಅಂದರೆ 2 ಎಕರೆ 15 ಗುಂಟೆ ಎಂದಿದ್ದರೆ 2.15 ಎಕರೆ ಎಂದು ಬರೆದುಬಿಡುತ್ತಾರೆ. ಎಕರೆಗೆ 40 ಗುಂಟೆ, ಹಾಗಾಗಿ ಅದು 2.375. ಬಿಂದು ಇಟ್ಟಿದ್ದಕ್ಕೆ 9 ಗುಂಟೆ ಹೋಯಿತು ಎಂದರೆ ರೈತರ ಮಕ್ಕಳು ಮತ್ತೆ ಮರೆಯುವುದಿಲ್ಲ.

ಇನ್ನೂ ದೊಡ್ಡ ತಪ್ಪು ಮುಂದಿದೆ. ಅದೇ 2-15 ಹೊಲ ಒಟ್ಟು 95 ಗುಂಟೆ, ಗುಂಟೆಗೆ 1089 ಚದರ ಅಡಿ: 95 × 1089 = 1,03,455 ಚದರ ಅಡಿ. ಅಡಿಗೆ 0.3048 ಮೀಟರ್ ಎಂದು ಇದನ್ನು 0.3048ರಿಂದ ಒಮ್ಮೆ ಮಾತ್ರ ಗುಣಿಸಿ 31,533 ಚದರ ಮೀಟರ್ ಎನ್ನುತ್ತಾರೆ. ಚದರ ಅಡಿಯನ್ನು ‘ಅಡಿ × ಅಡಿ’ ಎಂದು ಬಿಡಿಸಿ ಬರೆಸಿ; ಹೊಡೆಯದೆ ಉಳಿದ ಒಂದು ಅಡಿ ಕಣ್ಣಿಗೆ ಬೀಳುತ್ತದೆ. ಎರಡನೇ ಸಲ ಗುಣಿಸಿದರೆ 9,611. ಹೆಕ್ಟೇರ್ (10,000 ಚದರ ಮೀಟರ್) ಎಂದರೆ ಹೆಚ್ಚುಕಡಿಮೆ ಎರಡೂವರೆ ಎಕರೆ, ಉತ್ತರ 10,000ಕ್ಕಿಂತ ತುಸು ಕಡಿಮೆ ಬರಲೇಬೇಕು.

ಮೈದಾನದಲ್ಲಿ 33 ಅಡಿ ಚೌಕದ ಗುಂಟೆ ಹಾಕಿಸಲು ತಂದ ನೈಲಾನ್ ಹಗ್ಗದ 180 ರೂಪಾಯಿ ದಂಡವಾಯಿತು. ಇಬ್ಬರು ಜಗ್ಗಿದರೆ ಮುಕ್ಕಾಲು ಅಡಿ ಹಿಗ್ಗುತ್ತದೆ, ಗುಂಟೆಗೆ 50 ಚದರ ಅಡಿ ಜಾಸ್ತಿ. ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ತನ್ನಿ, 60-70 ರೂಪಾಯಿ. ಎರಡೂ ಕರ್ಣ 46 ಅಡಿ 8 ಇಂಚು ಬರದಿದ್ದರೆ ಗೂಟ ಸರಿಸಿ.

ನಕಾಶೆಯಲ್ಲಿ ನನ್ನನ್ನು ಕೆಡಿಸಿದ್ದು ಝೆರಾಕ್ಸ್. 1:50,000 ಹಾಳೆಯನ್ನು ಎ3ಯಿಂದ ಎ4ಗೆ ಇಳಿಸಿದಾಗ 1 ಸೆಂ.ಮೀ. 500 ಮೀಟರ್ ಆಗಿ ಉಳಿಯಲಿಲ್ಲ, ಸುಮಾರು 700 ಆಯಿತು. ಮೂವತ್ತು ಪ್ರತಿಯ ದುಡ್ಡು ಹೋಯಿತು. ಅಂಚಿನ ರೇಖಾ ಪ್ರಮಾಣ (ದೂರ ಗುರುತಿಸಿದ ಪಟ್ಟಿ) ಮಾತ್ರ ನಕಾಶೆಯ ಜೊತೆಗೇ ಕುಗ್ಗುತ್ತದೆ, ಅದನ್ನೇ ನಂಬಿ. ಅಳತೆಪಟ್ಟಿಯ ಸೊನ್ನೆ ತುದಿ ಸವೆದಿರುತ್ತದೆ. 1ರಿಂದ ಅಳೆದರೆ ಕಳೆಯಲು ಮರೆತದ್ದು ಗೊತ್ತಾಗುವುದಿಲ್ಲ. 10ರಿಂದ ಅಳೆಸಿ, ಮರೆತರೆ ಉತ್ತರ ತಾನೇ ಕೂಗಿ ಹೇಳುತ್ತದೆ.

ಹೊಳೆಯ ತಿರುವು ಅಳೆಯಲು ನೂಲು ಬೇಡ, 2 ಮಿ.ಮೀ. ಹಿಗ್ಗಿದರೆ 100 ಮೀಟರ್ ತಪ್ಪು. ಮೋಟರ್ ರಿವೈಂಡಿಂಗ್ ಅಂಗಡಿಯ ಚೂರು ತಾಮ್ರದ ತಂತಿ ಬಾಗಿಸಿದಂತೆ ನಿಲ್ಲುತ್ತದೆ, ದುಡ್ಡೂ ಬೇಡ. ಆಮೇಲೆ ಅದನ್ನು ನೆಟ್ಟಗೆ ಮಾಡಿ ಅಳೆಸಿ.

ಕೊನೆಯ ಲೆಕ್ಕ ಆಲಮಟ್ಟಿ ಜಲಾಶಯದ್ದು: 123 ಟಿಎಂಸಿ (ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ) ಎಷ್ಟು ಲೀಟರ್? ಇಲ್ಲಿ ‘ಅಡಿ × ಅಡಿ × ಅಡಿ’, ಮೂರು ಸಲ ಹೊಡೆಯಬೇಕು. ಘನ ಅಡಿಗೆ 28.3 ಲೀಟರ್ ಹಿಡಿದರೂ ಸರಿ, 3.48 ಲಕ್ಷ ಕೋಟಿ ಬರಬೇಕು.